ಉದರಕೃಮಿಯೂ ಅಹಿಂಸಾಣುವ್ರತವೂ

ಶ್ರಾವಕನು ಅಹಿಂಸಾಣುವ್ರತವನ್ನು ಸ್ವೀಕರಿಸುವಾಗ ತ್ರಸಜೀವಗಳನ್ನು ಸಂಕಲ್ಪಪೂರ್ವಕವಾಗಿ ಕೊಲ್ಲುವುದಿಲ್ಲವೆಂದು ನಿಯಮ ಮಾಡುತ್ತಾನೆ. ತ್ರಸಜೀವಗಳೆಂದರೆ ಎರಡು ಇಂದ್ರಿಯಗಳುಳ್ಳವು ಮೊದಲಾಗಿ ಐದು ಇಂದ್ರಿಯಗಳುಳ್ಳವುಗಳವರೆಗಿನ ಜೀವಗಳು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಇಂದ್ರಿಯಗಳು ಒಂದೊಂದಾಗಿ ಹೆಚ್ಚುವ ಕ್ರಮಕ್ಕೆ ನಿದರ್ಶನ ಕೊಡುವಾಗ ಎಲ್ಲಕ್ಕಿಂತ ಮೊದಲು ಹೆಸರಿಸಿರುವುದು ಕೃಮಿಯನ್ನೇ. ಇರುವೆ, ದುಂಬಿ, ಮನುಷ್ಯ ಎಂಬಿವೆಲ್ಲ ಅದರ ಅನಂತರ ಬರುತ್ತವೆ. ಆದುದರಿಂದ ಮನುಷ್ಯನ ಕರುಳಿನಲ್ಲಿ ವಾಸಿಸುವ ಹುಳುವು ಸ್ಪರ್ಶನ ರಸನಗಳೆಂಬ ಎರಡು ಇಂದ್ರಿಯಗಳೂ ಆರು ಪ್ರಾಣಗಳೂ ಉಳ್ಳ ತ್ರಸಜೀವವೆಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಹೀಗಿರಲು, ಆ ಹುಳುವನ್ನು ನಾಶಮಾಡುವ ಔಷಧವನ್ನು ಸೇವಿಸುವುದರಿಂದ ಅಣುವ್ರತಕ್ಕೆ ಭಂಗವುಂಟೇ ಇಲ್ಲವೇ ಎಂಬ ಪ್ರಶ್ನೆಯು ವ್ರತನಿಷ್ಠರಾದ ಗೃಹಸ್ಥರಲ್ಲಿ ಏಳುವುದು ಸಹಜ.

ಈ ಪ್ರಶ್ನೆ ಕೇವಲ ತರ್ಕಕ್ಕಾಗಿ ಎತ್ತಿದ್ದಲ್ಲ. 2015ರಿಂದ ಭಾರತದಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವು ಆಚರಣೆಯಲ್ಲಿದ್ದು, ಶಾಲೆ ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರೆಗಿನ ಮಕ್ಕಳಿಗೆ ಅಲ್ಬೆಂಡಜೋಲ್ ಮಾತ್ರೆಯನ್ನು ಕೊಡಲಾಗುತ್ತದೆ. ಪ್ರತಿಮಾಧಾರಿಣಿಯಾದ ವೃದ್ಧೆಯೊಬ್ಬಳಿರುವ ಮನೆಯನ್ನು ಊಹಿಸಬಹುದು. ನೀರನ್ನು ಸೋಸದೆ ಮುಟ್ಟದ, ಸೂರ್ಯಾಸ್ತದ ಮೇಲೆ ಬಾಯಿಗೆ ಏನನ್ನೂ ಹಾಕದ ಆ ಹಿರಿಯಳು, ಮೊಮ್ಮಗಳ ಕೈಯಲ್ಲಿ ಆ ಮಾತ್ರೆಯನ್ನು ಕಂಡು, "ಅದಕ್ಕೂ ಜೀವವಿಲ್ಲವೇನಮ್ಮ?" ಎಂದು ಸೊಸೆಯನ್ನು ಕೇಳಿದರೆ, ಸೊಸೆಯು ಏನು ಹೇಳಬೇಕು? ಅತ್ತೆಯ ಮಾತನ್ನು ಮೂಢತೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ಉತ್ತರವಲ್ಲ. ಆಕೆ ಕೇಳಿದುದು ಶಾಸ್ತ್ರಸಮ್ಮತವಾದ ಪ್ರಶ್ನೆ. ಅದಕ್ಕೆ ಶಾಸ್ತ್ರಸಮ್ಮತವಾದ ಸಮಾಧಾನವೇ ಬೇಕು.

ಸಾಮಾನ್ಯವಾಗಿ ಮೂರು ಬಗೆಯ ಸಮಾಧಾನಗಳು ಕೇಳಿಬರುತ್ತವೆ. ಮೂರನ್ನೂ ಪರೀಕ್ಷಿಸುವುದು ಉಚಿತ.

ಮೊದಲನೆಯದು, ಒಂದು ಮಗುವಿನ ಪ್ರಾಣದ ಮುಂದೆ ಹುಳುಗಳ ಪ್ರಾಣವು ಗಣನೆಗೆ ಬಾರದೆಂಬುದು. ಮನುಷ್ಯನಿಗೆ ಹತ್ತು ಪ್ರಾಣಗಳು, ಹುಳುವಿಗೆ ಆರು. ಆದುದರಿಂದ ಹೆಚ್ಚಿನದಕ್ಕಾಗಿ ಕಡಿಮೆಯದನ್ನು ಬಿಡಬಹುದೆಂದು ಈ ವಾದ. ಇಂದ್ರಿಯ ಪ್ರಾಣಗಳ ತಾರತಮ್ಯವನ್ನು ಆಗಮವು ಹೇಳಿರುವುದು ನಿಜ. ಆದರೆ ಈ ಲೆಕ್ಕಾಚಾರದಿಂದಲೇ ಕೊಲೆಯು ಧರ್ಮವಾಗುವುದಾದರೆ ಅಹಿಂಸೆಯು ವ್ಯಾಪಾರವಾಗಿಬಿಡುತ್ತದೆ. ಹಿಂಸ್ರಪ್ರಾಣಿಯೊಂದನ್ನು ಕೊಂದರೆ ಬಹುಪ್ರಾಣಿಗಳ ರಕ್ಷಣೆಯಾಗುವುದೆಂಬ ಯುಕ್ತಿಯನ್ನು ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಸ್ಪಷ್ಟವಾಗಿ ನಿರಾಕರಿಸಿದ್ದಾರೆ. ಆದುದರಿಂದ ಬರಿಯ ಎಣಿಕೆಯ ದಾರಿ ಜೈನನಿಗೆ ತೆರೆದಿಲ್ಲ.

ಎರಡನೆಯದು, ಹುಳುವು ಶತ್ರು, ಶತ್ರುವನ್ನು ಎದುರಿಸುವುದು ವಿರೋಧೀ ಹಿಂಸೆ, ಅದು ಗೃಹಸ್ಥನಿಗೆ ಅನಿವಾರ್ಯವೆಂಬುದು. ಇದರಲ್ಲಿ ಸತ್ಯಾಂಶವುಂಟು. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕರಲ್ಲಿ ಗೃಹಸ್ಥನು ಪೂರ್ಣವಾಗಿ ಬಿಡಲು ಶಕ್ತನಾಗುವುದು ಸಂಕಲ್ಪೀ ಹಿಂಸೆಯನ್ನು ಮಾತ್ರ. ಆದರೆ ಹುಳುವಿನಲ್ಲಿ ದ್ವೇಷವಿಲ್ಲ. ತನ್ನ ಕರ್ಮೋದಯದಿಂದ ದೊರೆತ ಪರ್ಯಾಯದಲ್ಲಿ ಅದು ಆಹಾರ ಸಂಜ್ಞೆಯಿಂದ ಬದುಕುತ್ತಿದೆ, ಅಷ್ಟೆ. ಅದನ್ನು ಶತ್ರುವೆಂದು ಕರೆದು ಕೊಲ್ಲುವವನು, ಇಲ್ಲದ ವೈರವನ್ನು ತನ್ನ ಮನಸ್ಸಿನಲ್ಲಿಯೇ ಹುಟ್ಟಿಸಿಕೊಂಡಂತೆ ಆಗುತ್ತದೆ.

ಮೂರನೆಯದು, ಕೆಲವು ಔಷಧಗಳು ಹುಳುವನ್ನು ಕೊಲ್ಲುವುದಿಲ್ಲ, ಹೊರಕ್ಕೆ ಕಳುಹಿಸುತ್ತವೆ ಅಷ್ಟೆ ಎಂಬುದು. ಪೈಪರಜೀನ್ ಎಂಬ ಹಳೆಯ ಔಷಧವು ದುಂಡುಹುಳುವಿನ ಸ್ನಾಯುಗಳನ್ನು ಸಡಿಲಗೊಳಿಸಿ ಜೀವಂತವಾಗಿಯೇ ಹೊರಬೀಳುವಂತೆ ಮಾಡುತ್ತದೆ. ಅಲ್ಬೆಂಡಜೋಲ್ ಹುಳುವು ಗ್ಲೂಕೋಸನ್ನು ಹೀರದಂತೆ ತಡೆದು ಅದನ್ನು ನಿರಾಹಾರಗೊಳಿಸುತ್ತದೆ. ಆದರೆ ಕರುಳನ್ನೇ ಮನೆಯಾಗಿ ಮಾಡಿಕೊಂಡ ಹುಳುವು ಹೊರಬಿದ್ದ ಮೇಲೆ ಬದುಕಲಾರದು. ನೀರಿನಿಂದ ಮೀನನ್ನು ದಡಕ್ಕೆ ಎಳೆದು, ತಾನು ಕೊಲ್ಲಲಿಲ್ಲವೆಂದು ಹೇಳಿದಂತೆ ಈ ಸಮಾಧಾನವು ನಿಲ್ಲಲಾರದು.

ಹಾಗಾದರೆ ಮಾತ್ರೆಯಲ್ಲಿ ಹಿಂಸೆಯುಂಟು. ಇಲ್ಲವೆನ್ನುವುದು ಸುಳ್ಳು. ಆದರೆ ವಿಚಾರವನ್ನು ಮಾತ್ರೆಯಿಂದ ಆರಂಭಿಸುವುದೇ ತಪ್ಪು. ಪ್ರಮಾದಯುಕ್ತವಾದ ಯೋಗದಿಂದ ಪ್ರಾಣಘಾತವಾಗುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ಲಕ್ಷಣ ಹೇಳಿದೆ. ಪ್ರಮಾದವಿದ್ದಲ್ಲಿ ಜೀವವು ಸಾಯಲಿ ಬಿಡಲಿ ಹಿಂಸೆಯು ಮುಂದಾಗಿಯೇ ಓಡುತ್ತದೆಯೆಂಬುದು ಅಮೃತಚಂದ್ರರ ಅಭಿಪ್ರಾಯ. ಈ ಲಕ್ಷಣವನ್ನು ಉದರಕೃಮಿಗೆ ಅನ್ವಯಿಸಿ ನೋಡಿದರೆ, ಗೃಹಸ್ಥನ ಪ್ರಮಾದವು ಮಾತ್ರೆ ನುಂಗಿದ ದಿನದ್ದಲ್ಲ; ಹುಳುವಿನ ತತ್ತಿ ಬಾಯಿಗೆ ಹೋದ ದಿನದ್ದು, ಅದಕ್ಕೂ ಹಿಂದೆ ಆ ತತ್ತಿ ಬಯಲಿನ ಮಣ್ಣಿಗೆ ಬಿದ್ದ ದಿನದ್ದು.

ಹುಳು ಬರುವ ಮಾರ್ಗವನ್ನು ತಿಳಿದರೆ ಈ ಮಾತು ಸ್ಪಷ್ಟವಾಗುತ್ತದೆ. ಒಂದು ಹೆಣ್ಣು ದುಂಡುಹುಳು ದಿನವೊಂದಕ್ಕೆ ಸುಮಾರು 2 ಲಕ್ಷ ತತ್ತಿಗಳನ್ನು ಇಡುತ್ತದೆ. ಅವು ಮಲದೊಡನೆ ಹೊರಬಿದ್ದು, ತೇವದ ಮಣ್ಣಿನಲ್ಲಿ ಬಲಿತು, ವರ್ಷಗಟ್ಟಲೆ ಉಳಿಯಬಲ್ಲವು. ತೊಳೆಯದ ಸೌತೆಕಾಯಿ, ಕೊತ್ತಂಬರಿ ಸೊಪ್ಪು, ಮಗುವಿನ ಉಗುರು, ಕೊಳಚೆ ನೀರು ಹಾಯಿಸಿದ ತೋಟದ ಕಾಯಿಪಲ್ಲೆ, ಇವುಗಳ ಮೂಲಕ ಅವು ಮತ್ತೆ ಬಾಯಿಗೆ ಬರುತ್ತವೆ. ಕೊಕ್ಕೆಹುಳುವಿನ ಮರಿಯಾದರೋ ಬಾಯಿಗೂ ಕಾಯುವುದಿಲ್ಲ. ಮಲಬಿದ್ದ ಒದ್ದೆನೆಲದಲ್ಲಿ ಬರಿಗಾಲಿನಿಂದ ನಡೆಯುವವರ ಚರ್ಮವನ್ನು ಕೊರೆದು ಒಳಸೇರುತ್ತದೆ. ಇವೆಲ್ಲವುಗಳ ಮೂಲವು ಒಂದೇ: ಮಲವಿಸರ್ಜನೆಯಲ್ಲಿ ಯತ್ನಾಚಾರವಿಲ್ಲದಿರುವುದು. ಮುನಿಗಳ ಐದು ಸಮಿತಿಗಳಲ್ಲಿ ಪ್ರತಿಷ್ಠಾಪನ ಸಮಿತಿಯೂ ಒಂದು. ದೇಹದ ಮಲವನ್ನು ಜಂತುರಹಿತವಾದ ಸ್ಥಳವನ್ನು ನೋಡಿ, ಯಾರಿಗೂ ಬಾಧೆಯಾಗದಂತೆ ವಿಸರ್ಜಿಸುವುದು ಮಹಾವ್ರತದ ಅಂಗವೆಂದು ಎಣಿಸಲ್ಪಟ್ಟಿದೆ. ಮುನಿಗಳಿಗೆ ಇದು ಸಮಿತಿಯಾದರೆ, ಗೃಹಸ್ಥನಿಗೆ ಶೌಚಾಲಯವೂ ಕೈತೊಳೆಯುವ ಅಭ್ಯಾಸವೂ ಅದರದೇ ಅಣುರೂಪವೆಂದು ತಿಳಿಯಬೇಕು.

ಇಲ್ಲಿ ಶ್ರಾವಕ ಕುಟುಂಬಗಳಲ್ಲಿ ಬೇರೂರಿರುವ ಒಂದು ಭ್ರಮೆಯನ್ನು ಹೇಳದೆ ಇರಲಾಗದು. "ನಮ್ಮಲ್ಲಿ ಮಾಂಸವಿಲ್ಲ, ಕಂದಮೂಲವಿಲ್ಲ, ರಾತ್ರಿಭೋಜನವಿಲ್ಲ, ನಮಗೆಲ್ಲಿಯ ಹುಳು?" ಎಂಬುದೇ ಆ ಭ್ರಮೆ. ಹಂದಿಯ ಲಾಡಿಹುಳುವಿನ ವಿಚಾರದಲ್ಲಿ ಇದು ಅಪಾಯಕರವಾದುದು. ಸರಿಯಾಗಿ ಬೇಯದ ಹಂದಿಮಾಂಸವನ್ನು ತಿಂದವನ ಕರುಳಿನಲ್ಲಿ ಹಲವು ಮೀಟರ್ ಉದ್ದದ ಲಾಡಿಹುಳು ಬೆಳೆಯುತ್ತದೆಂಬುದು ನಿಜ. ಮಾಂಸತ್ಯಾಗಿಗೆ ಆ ದಾರಿ ಮುಚ್ಚಿದೆ. ಆದರೆ ಆ ಮನುಷ್ಯನ ಮಲದಲ್ಲಿ ಹೊರಬೀಳುವ ತತ್ತಿಗಳು ಯಾರ ಬಾಯಿಗೆ ಹೋದರೂ, ಅವನು ಜನ್ಮದಿಂದ ಸಸ್ಯಾಹಾರಿಯಾಗಿದ್ದರೂ, ಅವುಗಳಿಂದ ಹೊರಟ ಮರಿಗಳು ರಕ್ತದಲ್ಲಿ ಸೇರಿ ಸ್ನಾಯು, ಕಣ್ಣು, ಮೆದುಳುಗಳಲ್ಲಿ ಗುಳ್ಳೆಗಳಾಗಿ ನೆಲೆಸುತ್ತವೆ. ಮೆದುಳಿನಲ್ಲಿ ನೆಲೆಸಿದಾಗ ಅಪಸ್ಮಾರವುಂಟಾಗುತ್ತದೆ. ಈ ಹುಳುವು ನೆಲೆಯೂರಿದ ಅನೇಕ ಪ್ರದೇಶಗಳಲ್ಲಿ ಅಪಸ್ಮಾರದ ಪ್ರಕರಣಗಳ ಪೈಕಿ ನೂರಕ್ಕೆ ಸುಮಾರು 30 ಇದರಿಂದಲೇ ಆಗುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಎಲೆಕೋಸಿನ ಹುಳು ಮೆದುಳಿಗೆ ಹೋಗುತ್ತದೆಂದು ಜನರು ಹೇಳುವುದರ ಹಿಂದಿನ ನಿಜವೂ ಇದೇ. ಎಲೆಕೋಸಿನ ಹಸಿರು ಹುಳುವಿಗೂ ಇದಕ್ಕೂ ಸಂಬಂಧವಿಲ್ಲ. ಅದರ ಎಲೆಗಳ ನಡುವೆ ಅಂಟಿರಬಹುದಾದ ಮಲಸಂಪರ್ಕದ ತತ್ತಿಗಳೇ ಕಾರಣ.

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ನಡೆದ ಒಂದು ಪ್ರಸಂಗವು ಇದಕ್ಕೆ ಸಾಕ್ಷಿ. ಸಂಪ್ರದಾಯಸ್ಥ ಯೆಹೂದಿಗಳಿಗೆ ಹಂದಿಮಾಂಸವು ಧರ್ಮದಿಂದಲೇ ನಿಷಿದ್ಧ. ಅಂಥ ಸಮುದಾಯದ ನಾಲ್ವರಿಗೆ ಮೂರ್ಛೆ ಬಂದು, ಪರೀಕ್ಷಿಸಿದಾಗ ಅವರ ಮೆದುಳಿನಲ್ಲಿ ಹಂದಿಯ ಲಾಡಿಹುಳುವಿನ ಗುಳ್ಳೆಗಳು ಕಂಡುಬಂದ ವಿಷಯವು 1992ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ರೋಗವು ವ್ಯಾಪಕವಾಗಿರುವ ಲ್ಯಾಟಿನ್ ಅಮೆರಿಕದ ದೇಶಗಳಿಂದ ಬಂದ ಹೆಂಗಸರು ಆ ಮನೆಗಳಲ್ಲಿ ಕೆಲಸಕ್ಕಿದ್ದರು. ಕೆಲಸದವರನ್ನು ಪರೀಕ್ಷಿಸಿದಾಗ ಒಬ್ಬಳ ಕರುಳಿನಲ್ಲಿ ಲಾಡಿಹುಳುವಿದ್ದುದು ತಿಳಿಯಿತು. ನಿಷಿದ್ಧವಾದುದು ತಟ್ಟೆಯ ಮೂಲಕ ಬಾರದೆ, ಅಡಿಗೆ ಮಾಡುವ ಕೈಯ ಮೂಲಕ ಬಂದಿತು.

ಈ ಪ್ರಸಂಗದಿಂದ, ಕೆಲಸದವರನ್ನು ಅಡಿಗೆಮನೆಯಿಂದ ದೂರವಿಡಬೇಕೆಂಬ ಪಾಠವನ್ನು ಯಾರಾದರೂ ಕಲಿತರೆ ಅದು ಧರ್ಮಕ್ಕೆ ವಿರುದ್ಧವಾದ ಪಾಠ. ಆ ಹೆಂಗಸೂ ರೋಗಿಯೇ. ಆಕೆಗೆ ಚಿಕಿತ್ಸೆ ದೊರೆತಿದ್ದರೆ ಆ ಮನೆಯವರಿಗೂ ಅಪಾಯವಿರುತ್ತಿರಲಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನವನ್ನು ಎಣಿಸಿರುವ ಸಮಾಜದಲ್ಲಿ, ಮನೆಯಲ್ಲಿ ಪಾತ್ರೆ ತೊಳೆಯುವ, ತೋಟದಲ್ಲಿ ದುಡಿಯುವ ಜನರ ಆರೋಗ್ಯವನ್ನು ವಿಚಾರಿಸದೆ ತನ್ನ ಅಡಿಗೆಮನೆಯೊಂದರ ಶುದ್ಧಿಯನ್ನು ಮಾತ್ರ ಕಾಯ್ದುಕೊಳ್ಳುವೆನೆಂಬುದು ಲೌಕಿಕದಲ್ಲಿಯೂ ಆಗದ ಮಾತು, ಧರ್ಮದಲ್ಲಿಯೂ ಸಲ್ಲದ ಮಾತು.

ಹಾಗೆಂದು ಪೂರ್ವಾಚಾರ್ಯರು ವಿಧಿಸಿದ ನಿಯಮಗಳು ನಿಷ್ಪ್ರಯೋಜಕವೆಂದು ತಿಳಿಯಬಾರದು. ನೀರು ಸೋಸುವ ನಿಯಮವನ್ನೇ ನೋಡಬಹುದು. ನಾರುಹುಣ್ಣೆಂಬ ವ್ಯಾಧಿಯು ಕರ್ಣಾಟಕವೂ ಸೇರಿದಂತೆ ಭಾರತದ ಏಳು ರಾಜ್ಯಗಳಲ್ಲಿ ಜನರನ್ನು ಪೀಡಿಸುತ್ತಿದ್ದಿತು. ಮೆಟ್ಟಿಲುಬಾವಿಗಳ ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಕಿರುಜಂತುವನ್ನು ನೀರಿನೊಡನೆ ಕುಡಿದವರಿಗೆ, ವರ್ಷದ ತರುವಾಯ ಮೊಳದುದ್ದದ ಹುಳು ಕಾಲಿನಿಂದ ಹೊರಬರುತ್ತಿದ್ದಿತು. ಅದಕ್ಕೆ ಮದ್ದೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ವ್ಯಾಧಿಗ್ರಸ್ತರು ಬಾವಿಗೆ ಇಳಿಯದಂತೆ ತಡೆಯುವುದು, ಮೆಟ್ಟಿಲುಬಾವಿಗಳನ್ನು ಮಾರ್ಪಡಿಸುವುದು, ನೀರಿಗೆ ಔಷಧ ಬೆರೆಸುವುದು ಮುಂತಾದ ಕ್ರಮಗಳಿಂದಲೇ ಅದನ್ನು ನಿರ್ಮೂಲಗೊಳಿಸಲಾಯಿತು. ಭಾರತದ ಕೊನೆಯ ರೋಗಿ ರಾಜಸ್ಥಾನದಲ್ಲಿ 1996ರಲ್ಲಿ ಕಂಡುಬಂದನು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದೇಶವನ್ನು ಆ ವ್ಯಾಧಿಯಿಂದ ಮುಕ್ತವೆಂದು ಘೋಷಿಸಿತು. ಇಮ್ಮಡಿಸಿದ ಗಟ್ಟಿ ಬಟ್ಟೆಯಲ್ಲಿ ನೀರು ಸೋಸಿ, ಬಟ್ಟೆಯಲ್ಲಿ ನಿಂತ ಜೀವಗಳನ್ನು ಮೂಲ ಜಲಕ್ಕೇ ಮರಳಿ ಬಿಡುತ್ತಿದ್ದ ಗೃಹಸ್ಥನು ಜಲಜಂತುವನ್ನೂ ಉಳಿಸಿದನು, ತನ್ನ ಕಾಲನ್ನೂ ಉಳಿಸಿಕೊಂಡನು.

ಆದರೆ ನಿಯಮದ ಮಿತಿಯನ್ನೂ ತಿಳಿದಿರಬೇಕು. ಲಾಡಿಹುಳುವಿನ ತತ್ತಿ ಒಂದು ಮಿಲಿಮೀಟರಿನ ಮೂವತ್ತನೆಯ ಒಂದು ಭಾಗದಷ್ಟು ಸಣ್ಣದು. ಅದು ಬಟ್ಟೆಯ ಎಳೆಗಳ ನಡುವೆ ನುಸುಳಬಲ್ಲದು. ಅದಕ್ಕೆ ಕುದಿಸಿದ ನೀರೇ ಬೇಕು. ಸೋಸಿದ ನೀರಿಗೆ ಒಂದು ಮುಹೂರ್ತವೆಂದರೆ 48 ನಿಮಿಷಗಳ ಮರ್ಯಾದೆಯನ್ನೂ, ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆಗಳ ಮರ್ಯಾದೆಯನ್ನೂ ಹೇಳಿರುವ ಸಂಪ್ರದಾಯದವರಿಗೆ ಇದು ಹೊಸ ವಿಧಿಯೇನೂ ಅಲ್ಲ. ಹಸಿಯಾಗಿ ತಿನ್ನುವ ಕಾಯಿ ಸೊಪ್ಪುಗಳನ್ನು ಹರಿಯುವ ಶುದ್ಧ ನೀರಿನಲ್ಲಿ ಒಂದೊಂದು ಎಲೆಯನ್ನೂ ಬಿಡಿಸಿ ತೊಳೆಯುವುದೂ ಇದೇ ಯತ್ನಾಚಾರದ ಭಾಗ.

ಉಪವಾಸದ ವಿಷಯದಲ್ಲಿಯೂ ಎರಡು ಮಾತುಗಳು ಅವಶ್ಯಕ. ಉಪವಾಸ ಮಾಡಿದರೆ ಹೊಟ್ಟೆಯ ಹುಳು ಸಾಯುತ್ತದೆಂದು ಹೇಳಿ ಮಕ್ಕಳನ್ನು ಉಪವಾಸಕ್ಕೆ ಹುರಿದುಂಬಿಸುವವರುಂಟು. ಮೊದಲಿಗೆ, ಇದನ್ನು ನೆಚ್ಚುವಂತಿಲ್ಲ. ದಿನವೆರಡು ದಿನದ ನಿರಾಹಾರಕ್ಕೆ ಹುಳುಗಳು ಕರುಳನ್ನು ಬಿಟ್ಟುಹೋಗುವುದಿಲ್ಲ. ಒಂದು ವೇಳೆ ಸಾಯುತ್ತವೆಂದೇ ಇಟ್ಟುಕೊಂಡರೂ, ಅದಕ್ಕಾಗಿ ಮಾಡಿದ ಉಪವಾಸವು ವ್ರತವಾಗುವುದೆಂತು? ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಮೂರು ಶಲ್ಯಗಳಿಲ್ಲದವನೇ ವ್ರತಿ. ಫಲವನ್ನು ಬಯಸಿದ ಉಪವಾಸದಲ್ಲಿ ನಿದಾನವಿದೆ. ಆ ಫಲವು ಒಂದು ಜೀವದ ಸಾವಾದರೆ ಅದರಲ್ಲಿ ಸಂಕಲ್ಪೀ ಹಿಂಸೆಯೂ ಸೇರಿತು. ಅಹಿಂಸೆಗಾಗಿ ಹುಟ್ಟಿದ ತಪಸ್ಸನ್ನು ಕೊಲ್ಲುವ ಆಯುಧವಾಗಿ ಮಾಡುವುದಕ್ಕಿಂತ ವೈದ್ಯನ ಮಾತ್ರೆಯನ್ನು ಮಾತ್ರೆಯೆಂದೇ ತಿಳಿದು ನುಂಗುವುದು ಪ್ರಾಮಾಣಿಕವಾದುದು.

ಎರಡನೆಯದು ಇನ್ನೂ ಗಂಭೀರವಾದುದು. ಅಂಕಿಲೋಸ್ಟೋಮ ಜಾತಿಯ ಒಂದು ಕೊಕ್ಕೆಹುಳು ದಿನಕ್ಕೆ ಸುಮಾರು 0.15 ಮಿಲಿಲೀಟರ್ ರಕ್ತವನ್ನು ಕಳೆಯುತ್ತದೆ. ನೂರು ಹುಳುಗಳಿದ್ದರೆ ತಿಂಗಳಿಗೆ 450 ಮಿಲಿಲೀಟರಿನಷ್ಟಾಯಿತು. ಇಂಥ ನಷ್ಟದಿಂದ ಮುಖ ಬಿಳಿಚಿಕೊಂಡು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಗೃಹಿಣಿಯು ದಶಲಕ್ಷಣ ಪರ್ವದಲ್ಲಿ ಹತ್ತು ಉಪವಾಸಗಳನ್ನು ಹಿಡಿದರೆ, ಅದನ್ನು ಹೊಗಳಿ ಹಾರ ಹಾಕುವ ಮೊದಲು ಮನೆಯವರು ಯೋಚಿಸಬೇಕು. ಷೋಡಶ ಭಾವನೆಗಳಲ್ಲಿ ತಪವನ್ನು ಹೇಳುವಾಗ ಶಕ್ತಿಗೆ ತಕ್ಕಂತೆ ಎಂಬ ವಿಶೇಷಣವಿದೆ. ತನ್ನ ಶಕ್ತಿ ಎಷ್ಟೆಂದು ಅರಿಯದೆ ಶಕ್ತಿಗೆ ತಕ್ಕ ತಪವನ್ನು ಮಾಡುವುದು ಅಸಾಧ್ಯ. ಆದುದರಿಂದ ದೀರ್ಘವ್ರತಕ್ಕೆ ಮೊದಲು ರಕ್ತವನ್ನೂ ಮಲವನ್ನೂ ಪರೀಕ್ಷೆ ಮಾಡಿಸಿಕೊಳ್ಳುವುದು ವ್ರತಶೈಥಿಲ್ಯವಲ್ಲ, ವ್ರತದ ಪೂರ್ವಾಂಗ.

ಇನ್ನು ಮೂಲಪ್ರಶ್ನೆ. ಹುಳು ಹೊಟ್ಟೆಯಲ್ಲಿ ಸೇರಿದ ಮೇಲೆ ಗೃಹಸ್ಥನು ಏನು ಮಾಡಬೇಕು? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನೆಯನ್ನು ಹೇಳುವಾಗ, ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಒದಗಿದಾಗ ಎಂದು ವಿಧಿಸಿದ್ದಾರೆ. ಪ್ರತೀಕಾರವಿರುವ ರೋಗಕ್ಕೆ ಪ್ರತೀಕಾರವೇ ಮಾರ್ಗವೆಂಬುದು ಅದರಿಂದ ಸಿದ್ಧ. ಆ ಆಚಾರ್ಯರಿಗೇ ಭಸ್ಮಕವ್ಯಾಧಿ ಬಂದಾಗ ಅವರು ಸಲ್ಲೇಖನೆಯನ್ನು ಬೇಡಿದರೆಂದೂ, ಗುರುಗಳು ಅದಕ್ಕೊಪ್ಪದೆ, ರೋಗವನ್ನು ನೀಗಿಕೊಂಡು ಮರಳಿ ದೀಕ್ಷೆಯನ್ನು ತಾಳುವಂತೆ ಆಜ್ಞಾಪಿಸಿದರೆಂದೂ ಪರಂಪರೆಯ ಕಥೆಯುಂಟು. ಧರ್ಮಸಾಧನವಾದ ಶರೀರವನ್ನು, ಗುಣವಾಗಬಹುದಾದ ರೋಗಕ್ಕೆ ಒಪ್ಪಿಸುವುದು ತ್ಯಾಗವಲ್ಲ. ಮೇಲಾಗಿ, ಚಿಕಿತ್ಸೆ ಪಡೆಯದ ರೋಗಿಯು ದಿನವೂ ಲಕ್ಷಗಟ್ಟಲೆ ತತ್ತಿಗಳನ್ನು ಊರಿಗೆ ಹರಡುತ್ತಾನೆ. ಅವನು ಉಳಿಸಿದೆನೆಂದುಕೊಂಡ ಹುಳುವಿನಿಂದ ನೆರೆಮನೆಯ ಮಗುವಿಗೆ ಬಾಧೆ, ಆ ಮಗುವಿನ ಹೊಟ್ಟೆಯಲ್ಲಿ ಮತ್ತೆ ಕೊಲ್ಲಬೇಕಾದ ಹುಳುಗಳ ಸಂತತಿ.

ಆದುದರಿಂದ ಗೃಹಸ್ಥನು ಮಾತ್ರೆಯನ್ನು ಕೊಡಬೇಕು, ಆದರೆ ಅದನ್ನು ಧರ್ಮವೆಂದು ಕರೆಯಬಾರದು. ತನ್ನ ಪದವಿಯ ಮಿತಿಯೆಂದು ತಿಳಿದು, ದ್ವೇಷವಿಲ್ಲದೆ, ಗೆದ್ದೆನೆಂಬ ಹಿಗ್ಗಿಲ್ಲದೆ ಕೊಟ್ಟು, ಸಂಜೆಯ ಪ್ರತಿಕ್ರಮಣದಲ್ಲಿ ಆ ಜೀವಗಳನ್ನೂ ಸೇರಿಸಿ ಆಲೋಚನೆ ಮಾಡಬೇಕು. ಗರ್ಭಿಣಿಯರಿಗೆ ಮೊದಲ ಮೂರು ತಿಂಗಳು ಈ ಮಾತ್ರೆ ಸಲ್ಲದು. ಮೂರ್ಛೆ ಬರುವವರು, ಮೆದುಳಿನಲ್ಲಿ ಗುಳ್ಳೆಗಳಿರುವ ಸಂಭವದಿಂದ, ವೈದ್ಯರ ಅಪ್ಪಣೆಯಿಲ್ಲದೆ ಇದನ್ನು ಸೇವಿಸಬಾರದು. ಚಿಕಿತ್ಸೆಯಾದ ಮೇಲೆ ಅದೇ ಪ್ರಮಾದವನ್ನು ಮುಂದುವರಿಸಿ, ಆರು ತಿಂಗಳಿಗೊಮ್ಮೆ ಮಾತ್ರೆಯಿದೆಯಲ್ಲಾ ಎಂದು ನಿಶ್ಚಿಂತನಾಗಿರುವವನೇ ನಿಜವಾಗಿ ವ್ರತವನ್ನು ಕಳೆದುಕೊಂಡವನು. ಚರಕಸಂಹಿತೆಯು ಕೃಮಿಚಿಕಿತ್ಸೆಯನ್ನು ಮೂರಾಗಿ ವಿಭಾಗಿಸಿ, ಹೊರತೆಗೆಯುವುದು, ಹುಟ್ಟಲು ಅನುಕೂಲವಾದ ಸ್ಥಿತಿಯನ್ನು ಕೆಡಿಸುವುದು, ಕಾರಣವನ್ನೇ ವರ್ಜಿಸುವುದು ಎಂದಿದೆ. ಶ್ರಾವಕನ ಅಹಿಂಸೆಯು ನಿಲ್ಲಬೇಕಾದುದು ಆ ಮೂರನೆಯದರಲ್ಲಿ. ಅಲ್ಲಿ ನಿಂತವನಿಗೆ ಮೊದಲಿನೆರಡರ ಅವಸರವು ವಿರಳವಾಗುತ್ತದೆ.

ಈ ಎಚ್ಚರವು ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗುವುದು ಆಹಾರದಾನದ ಸಮಯದಲ್ಲಿ. ದಿಗಂಬರ ಮುನಿಗಳು ದಿನಕ್ಕೊಮ್ಮೆ ನಿಂತು, ಕರಪಾತ್ರದಲ್ಲಿ, ದಾತಾರನು ಇಟ್ಟುದನ್ನು ಸ್ವೀಕರಿಸುತ್ತಾರೆ. ಬೇಸಿಗೆಯಾಗಲಿ ಮಳೆಯಾಗಲಿ ಬರಿಗಾಲಿನಲ್ಲಿಯೇ ವಿಹರಿಸುತ್ತಾರೆ. ನಾಲ್ಕು ಬಗೆಯ ಹಿಂಸೆಯನ್ನೂ ತ್ಯಜಿಸಿದ ಅವರಿಗೆ ಮಾತ್ರೆಯ ಪ್ರಶ್ನೆ ಗೃಹಸ್ಥನಿಗಿದ್ದಷ್ಟು ಹಗುರವಲ್ಲ. ಆ ಪ್ರಶ್ನೆಯು ಅವರವರೆಗೆ ಹೋಗದಂತೆ ನೋಡಿಕೊಳ್ಳುವ ಹೊಣೆ ದಾತಾರನದು. ಚೌಕದಲ್ಲಿ ಮನ, ವಚನ, ಕಾಯ, ಆಹಾರ, ಜಲಗಳು ಶುದ್ಧವೆಂದು ನುಡಿಯುವ ಗೃಹಸ್ಥನು, ಆ ಮಾತನ್ನಾಡುವ ಮೊದಲು ತನ್ನ ಉಗುರುಗಳನ್ನು ಕತ್ತರಿಸಿ, ಕೈಗಳನ್ನು ಉಜ್ಜಿ ತೊಳೆದು, ಹಣ್ಣುಕಾಯಿಗಳನ್ನು ಚೆನ್ನಾಗಿ ತೊಳೆದಿರುವನೇ, ಮುನಿಗಳು ನಡೆದುಬರುವ ದಾರಿಯ ಅಂಚು ಶೌಚಕ್ಕೆ ಬಳಕೆಯಾಗದಂತೆ ನೋಡಿರುವನೇ ಎಂಬುದನ್ನು ವಿಚಾರಿಸಿಕೊಂಡರೆ, ಕಾಯಶುದ್ಧಿಯೆಂಬ ಮಾತು ಅವನ ಬಾಯಲ್ಲಿ ಸತ್ಯವಾಗುತ್ತದೆ.